ಫಳಫಳ ಆರಿಸಿದ ಯಂತ್ರ

ರಟ್ಟಿನ ಡಬ್ಬಿಗಳ ಮೇಲೆ ಬಣ್ಣದ ಚಿತ್ರ ಅಚ್ಚು ಹಾಕುವ ಕಾರ್ಖಾನೆ ಅದು. ಅದರ ಹಿಂಬಾಗಿಲ ಪಕ್ಕದಲ್ಲಿ ಒಂದು ಉದ್ದನೆಯ ತಗಡಿನ ತೊಟ್ಟಿ, ತೊಟ್ಟಿಯ ತುಂಬ ಇಂಕು ಕರಗಿಸುವ, ಮೂಗು ಕೊರೆಯುವ ಥಿನ್ನರ್, ಅಂಚಿನ ಮೇಲೆ ಕೂದಲು ಸವೆದ ಬ್ರಷ್ಷುಗಳ ಸಾಲು. ಬ್ರಷ್ಷುಗಳ ಹಿಂದೆ, ಮೊಣಕೈವರೆಗೆ ರಬ್ಬರಿನ ಗ್ಲೌಸು ಏರಿಸಿಕೊಂಡು ನಿಂತವನೇ ಫಳಫಳ. ತಂದೆತಾಯಿ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಅದು ಸಂಬಳದ ಚೀಟಿಯ ಮೇಲೆ ಮಾತ್ರ ಬದುಕಿತ್ತು.

ಅಚ್ಚಿನ ಯಂತ್ರದಿಂದ ಬಿಚ್ಚಿ ತಂದ ಇಂಕಿನ ತಟ್ಟೆಯೋ ರೋಲರೋ ಬ್ಲೇಡೋ, ಏನೇ ಕೊಡಿ, ಅವನು ಮಗುವಿಗೆ ಎಣ್ಣೆ ತಿಕ್ಕುವವನ ಹಾಗೆ ನಿಧಾನವಾಗಿ ಉಜ್ಜುತ್ತಿದ್ದ. ಕೊನೆಗೆ ತಟ್ಟೆಯನ್ನು ಮುಖದ ಮುಂದೆ ಹಿಡಿದು, ಅದರಲ್ಲಿ ನೋಡಿ ಮೀಸೆ ತೀಡಿಕೊಳ್ಳುತ್ತಿದ್ದ. ಮೀಸೆ ಕಂಡರೆ ತಟ್ಟೆ ಪಾಸು. ಕಾಣದಿದ್ದರೆ ಮತ್ತೆ ತೊಟ್ಟಿಗೆ. ಯಂತ್ರ ನಡೆಸುವವರು ಕಾದು ಕಾದು ಸಾಕಾಗಿ, "ಏನಪ್ಪಾ, ತಟ್ಟೆ ತೊಳೀತಿದ್ದೀಯಾ ಇಲ್ಲಾ ಮದುಮಗ ಆಗಕ್ಕೆ ಹೊರಟಿದ್ದೀಯಾ?" ಎಂದು ಅಲ್ಲಿಂದಲೇ ಕೂಗುತ್ತಿದ್ದರು.

"ಕೊಳಕು ತಟ್ಟೇಲಿ ಹಳದಿ ಹುಯ್ದರೆ ಹಸಿರು ಬರತ್ತೆ. ಬಾಳೆಹಣ್ಣಿನ ಡಬ್ಬಿ ಮೇಲೆ ಸೌತೆಕಾಯಿ ಬಂತು ಅಂತ ಆಮೇಲೆ ನನ್ನ ಹತ್ರ ಅಳಬೇಡಿ" ಎಂದು ಇವನೂ ಇಲ್ಲಿಂದಲೇ ಕೂಗುತ್ತಿದ್ದ.

ಇದೆಲ್ಲ ಕಾರ್ಖಾನೆಯ ಪ್ರತಾಪ. ಮನೆಯಲ್ಲಿ ಈ ಮಹಾನುಭಾವ ಕುಡಿದ ಟೀ ಲೋಟವನ್ನು ಕುರ್ಚಿಯ ಕಾಲ ಬಳಿ ಇಟ್ಟರೆ, ಅದಕ್ಕೆ ಇರುವೆ ಮುತ್ತಿದರೂ ಅವನ ಕೈ ಅತ್ತ ಹೋಗುತ್ತಿರಲಿಲ್ಲ. ಹೆಂಡತಿ ಒಂದು ದಿನ ಸೊಂಟಕ್ಕೆ ಕೈ ಕೊಟ್ಟು ನಿಂತು ಕೇಳಿದಳು: "ರೀ, ಇದಕ್ಕೂ ಒಂಚೂರು ಇಂಕು ಬಳಿದು ಕೊಡ್ಲಾ? ಆಗಲಾದ್ರೂ ತೊಳೀಬೇಕು ಅನ್ಸತ್ತೇನೋ."

"ಅದು ಡ್ಯೂಟಿ ಕಣೇ, ಇದು ಮನೆ" ಎಂದು ಅವನು ಪೇಪರು ಮಗುಚಿದ.

ಆ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಹೆಂಡತಿಯ ತಮ್ಮ ಇದ್ದ. ಅಕ್ಕನ ಮನೆಗೆ ನಾಲ್ಕು ದಿನ ಇದ್ದು ಹೋಗಲು ಬಂದವನು, ಹೋಗುವುದನ್ನು ಮರೆತಿದ್ದ. ಅವನಿಗೆ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದ್ದೂ ಫಳಫಳನೇ. ಇಂಕಿನ ಡ್ರಮ್ಮುಗಳ ಕೋಣೆಯಿಂದ ಬಕೆಟ್ಟಿನಲ್ಲಿ ಇಂಕು ತುಂಬಿಕೊಂಡು, ಅಚ್ಚಿನ ಯಂತ್ರಗಳಿಗೆ ಹೊತ್ತು ಹಾಕುವ ಕೆಲಸ. ಹಾಗಾಗಿ ಅವನ ಹೆಸರು ಬಕೆಟ್ ಆಯಿತು. ಮಾಲೀಕರು ಕಂಡರೆ ಕೈಲಿದ್ದ ಬಕೆಟ್ ಇಳಿಸಿ, ಮಾತಿನ ಬಕೆಟ್ ಎತ್ತಿಕೊಳ್ಳುವ ಗುಣವೂ ಅವನಿಗಿದ್ದುದರಿಂದ, ಆ ಹೆಸರನ್ನು ಬದಲಾಯಿಸುವ ಪ್ರಮೇಯ ಯಾರಿಗೂ ಬರಲಿಲ್ಲ.

ಬಕೆಟ್‌ಗೆ ಮೈಗಳ್ಳತನ ಹುಟ್ಟಿನಿಂದ ಬಂದ ಆಸ್ತಿ. ಡ್ರಮ್ಮಿನ ಇಂಕು ಗಾಳಿಗೆ ಬಿದ್ದರೆ ಮೇಲೆ ಹಾಲಿನ ಕೆನೆಯಂತೆ ಪೊರೆ ಕಟ್ಟುತ್ತದೆ. ಅದನ್ನು ಜರಡಿಯಲ್ಲಿ ಸೋಸಿ ಒಯ್ಯಬೇಕೆಂಬುದು ನಿಯಮ. ಜರಡಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಹೊಚ್ಚ ಹೊಸದರಂತೆ. ಬಕೆಟ್ ಒಂದು ಕೋಲಿನಿಂದ ಕೆನೆಯನ್ನು ಪಕ್ಕಕ್ಕೆ ತಳ್ಳಿ ಮೊಗೆದುಕೊಂಡು ಹೋಗುತ್ತಿದ್ದ. ಗಂಟುಗಳು ತಟ್ಟೆಗೆ ಬಿದ್ದರೆ ತೊಳೆಯಲು ಭಾವ ಇದ್ದಾರಲ್ಲ.

ಹೀಗೆ ಒಬ್ಬ ಕೊಳೆ ಮಾಡುತ್ತ, ಇನ್ನೊಬ್ಬ ತೊಳೆಯುತ್ತ, ಇಬ್ಬರೂ ಒಂದೇ ಮನೆಯಲ್ಲಿ ಉಣ್ಣುತ್ತ ಸುಖವಾಗಿದ್ದಾಗ, ಮಾಲೀಕರು ಯಂತ್ರಗಳ ಪ್ರದರ್ಶನವೊಂದಕ್ಕೆ ಹೋಗಿಬಂದರು.

ಮಾಲೀಕರು ಕೆಟ್ಟವರಲ್ಲ. ಹೊಳೆಯುವ ವಸ್ತು ಕಂಡರೆ ಅವರ ಬುದ್ಧಿಗೆ ಸ್ವಲ್ಪ ರಜೆ ಸಿಗುತ್ತಿತ್ತು, ಅಷ್ಟೆ. ಪ್ರದರ್ಶನದಲ್ಲಿ ಯಾರೋ ತಣ್ಣನೆಯ ಜ್ಯೂಸು ಕೊಟ್ಟು, ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, "ನಿಮ್ಮಂಥ ದೂರದೃಷ್ಟಿ ಇರೋರಿಗೇ ಸಾರ್ ಇದು" ಎಂದಿದ್ದರು. ಅಂಥ ಗಿರಾಕಿ ಸಿಕ್ಕ ದಿನ ವ್ಯಾಪಾರಿ ಅಂಗಡಿ ಬೇಗ ಮುಚ್ಚಿ ಮನೆಗೆ ಹೋಗಬಹುದು. ಮಾಲೀಕರು ಚೀಲದ ತುಂಬ ಬಣ್ಣದ ಪುಸ್ತಿಕೆಗಳನ್ನು ಹೊತ್ತು ತಂದು, ಭಾವ ಭಾವಮೈದುನರಿಬ್ಬರನ್ನೂ ಕೋಣೆಗೆ ಕರೆದರು.

"ನೋಡ್ರಪ್ಪಾ, ಎರಡು ಯಂತ್ರ ನೋಡಿ ಬಂದಿದ್ದೀನಿ. ಒಂದು ಬಿಡಿಭಾಗ ತೊಳೆಯೋದು. ಒಳಗಿಟ್ಟು ಬಾಗಿಲು ಹಾಕಿದ್ರೆ ಆಯ್ತು. ಇನ್ನೊಂದು ಪಂಪು. ಡ್ರಮ್ಮಿಂದ ಇಂಕನ್ನ ಪೈಪಲ್ಲಿ ನೇರ ಅಚ್ಚಿನ ಯಂತ್ರಕ್ಕೆ ಕಳಿಸತ್ತೆ. ಈ ವರ್ಷ ಎರಡರಲ್ಲಿ ಒಂದು ತಗೊಳ್ಳೋದು ಅಂತ ತೀರ್ಮಾನ ಮಾಡಿದ್ದೀನಿ. ಯಾವುದು ಬಂದ್ರೂ ಒಂದು ಆಳಿನ ಕೆಲಸ ಉಳಿಯತ್ತೆ."

ಉಳಿಯುವುದು ಯಾರಿಗೆ, ಹೋಗುವುದು ಯಾರದ್ದು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಬ್ಬರೂ ನೆಲ ನೋಡಿದರು.

"ನಾನು ಯಾರ ಹೊಟ್ಟೆ ಮೇಲೂ ಹೊಡೆಯೋನಲ್ಲ" ಎಂದು ಮಾಲೀಕರು ಕನ್ನಡಕ ಒರೆಸಿದರು. "ಕೆಲಸ ಗೊತ್ತಿರೋರು ನೀವು. ಯಾವುದು ತರಬೇಕು ಅಂತ ನೀವಿಬ್ರೇ ಕೂತು ಆರಿಸಿ. ಒಂದೇ ಮನೆಯೋರು, ಜಗಳ ಬರಲ್ಲ. ಹೋಗೋರಿಗೆ ಒಳ್ಳೇ ಗೋಡೆ ಗಡಿಯಾರ ಕೊಟ್ಟು ಮರ್ಯಾದೆಯಿಂದಾನೇ ಕಳಿಸೋಣ."

ಕತ್ತಿಯನ್ನು ಕೈಗೆ ಕೊಟ್ಟು, ಕೊಯ್ದುಕೊಳ್ಳುವ ಜಾಗವನ್ನು ನೀವೇ ಆರಿಸಿ ಎನ್ನುವುದಕ್ಕೆ ಬಹಳ ಸೌಜನ್ಯ ಬೇಕು. ಮಾಲೀಕರಲ್ಲಿ ಅದು ಧಾರಾಳವಾಗಿತ್ತು.

ಫಳಫಳನಿಗೆ ಆ ಸಂಜೆ ಊಟ ಸೇರಲಿಲ್ಲ. ಬಕೆಟ್ ಇನ್ನೂ ಚಿಕ್ಕವನು, ಎಲ್ಲಿ ಬೇಕಾದರೂ ಏನನ್ನಾದರೂ ಹೊರಬಲ್ಲ. ತನ್ನ ಕಥೆ ಬೇರೆ. ತಲೆಗೂದಲು ಅರ್ಧ ಬಿಳಿಯಾದ ಮೇಲೆ ಹೊಸ ಕಡೆ ಹೋಗಿ "ನನಗೆ ಚೆನ್ನಾಗಿ ತೊಳೆಯಕ್ಕೆ ಬರತ್ತೆ" ಎಂದರೆ ಹೋಟೆಲಿನವರು ಲೋಟ ತೋರಿಸುತ್ತಾರೆ. ತೊಟ್ಟಿಯ ಹಿಂದೆ ತಾನೊಬ್ಬ ಯಜಮಾನ. ತೊಟ್ಟಿ ಇಲ್ಲದ ಮೇಲೆ ತಾನು ಯಾರು?

ಆದರೂ ಬಾಯಲ್ಲಿ ಬಂದದ್ದು ಜೇನು. "ಪಂಪು ಒಳ್ಳೇದು ಕಣೋ. ಪಾಪ, ಬಕೆಟ್ ಹೊತ್ತು ಹೊತ್ತು ನಿನ್ನ ಭುಜ ಒಂದು ಕಡೆ ಇಳಿದುಹೋಗಿದೆ. ನಿನ್ನ ಕಷ್ಟ ನೋಡಕ್ಕಾಗಲ್ಲ."

"ಅಯ್ಯೋ, ನನ್ನ ಭುಜ ಬಿಡಿ ಭಾವ. ನೀವು ದಿನಾ ಆ ಥಿನ್ನರ್ ವಾಸನೆ ಕುಡೀತೀರಲ್ಲ, ನನ್ನ ಕರುಳು ಕಿತ್ತು ಬರತ್ತೆ. ಮೊದಲು ನಿಮಗೆ ವಿಶ್ರಾಂತಿ ಆಗಲಿ. ದೊಡ್ಡೋರು ನೀವು."

"ಚಿಕ್ಕೋರಿಗೆ ಮೊದಲು ಒಳ್ಳೇದಾಗಬೇಕಪ್ಪಾ."

"ಛೇ ಛೇ, ದೊಡ್ಡೋರ ಮುಂದೆ ನಾವು ನುಗ್ಗೋದಾ?"

ಹೆಂಡತಿ ಬಡಿಸುವ ಸೌಟು ಹಿಡಿದು ಇಬ್ಬರ ಮುಖವನ್ನೂ ನೋಡಿದಳು. ಒಬ್ಬ ಗಂಡ, ಇನ್ನೊಬ್ಬ ಒಡಹುಟ್ಟಿದವನು. "ಇಷ್ಟೊಂದು ಪ್ರೀತಿ ಈ ಮನೇಲಿ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಇನ್ನು ಸ್ವಲ್ಪ ಹೊತ್ತು ಬಿಟ್ರೆ ಒಬ್ಬರನ್ನೊಬ್ಬರು ಕಚ್ಚಿಬಿಡ್ತೀರಾ. ಸುಮ್ನೆ ಊಟ ಮಾಡಿ."

ಯಂತ್ರ ಮಾರುವವನು ಬಂದ. ಎರಡೂ ಯಂತ್ರ ಅವನದೇ ಕಂಪನಿಯದು. ಯಾವುದು ಹೋದರೂ ಅವನ ಜೇಬು ಒಂದೇ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಮೊದಲು ಕಾರ್ಖಾನೆಯ ಅಗತ್ಯ ತಿಳಿದುಕೊಳ್ಳಬೇಕು, ಅದಕ್ಕೆ ತಕ್ಕ ಯಂತ್ರ ಆರಿಸಬೇಕು ಎಂದು ಇಬ್ಬರನ್ನೂ ಎದುರು ಕೂರಿಸಿಕೊಂಡ.

"ಮೊದಲು ತೊಳೆಯೋದರ ವಿಷಯ. ಭಾಗಗಳ ಮೇಲಿರೋ ಇಂಕು ಹಸಿಯಾಗಿರತ್ತೋ, ಒಣಗಿರತ್ತೋ?"

ಫಳಫಳ ಬಾಯಿ ತೆರೆಯುವ ಮೊದಲೇ ಬಕೆಟ್ ಶುರುಮಾಡಿದ. "ಎಲ್ಲಾ ಹಸಿನೇ ಸಾರ್! ನೀರು ತೋರಿಸಿದ್ರೆ ಸಾಕು, ಓಡಿಹೋಗತ್ತೆ."

"ಒಣಗಿ ಕಲ್ಲಾಗಿರೋದು ಇಲ್ವಾ? ಇದ್ರೆ ದೊಡ್ಡ ಯಂತ್ರ ಬೇಕಾಗತ್ತೆ, ಔಷಧಿ ನೀರಲ್ಲಿ ನೆನೆಸೋದು."

"ಒಣಗಕ್ಕೆ ನಮ್ಮ ಭಾವ ಬಿಡ್ತಾರಾ ಸಾರ್? ಅವರ ಕೈಲಿ ಕೊಳೆ ಒಂದು ಗಳಿಗೆ ನಿಂತಿದ್ದುಂಟಾ? ಇಡೀ ಕಾರ್ಖಾನೇಲಿ ಕೇಳಿ."

ಇದು ಹೊಗಳಿಕೆ. ಅಲ್ಲಗಳೆದರೆ ತನ್ನ ಹೆಸರಿಗೇ ಮಸಿ. ಫಳಫಳ, "ಹಾಗೇನಿಲ್ಲ... ಇದ್ದರೂ ಅಪರೂಪಕ್ಕೆ" ಎಂದ. ಮಾರುವವನು 'ಚಿಕ್ಕ ಯಂತ್ರ ಸಾಕು' ಎಂದು ಬರೆದುಕೊಂಡ.

"ಈಗ ಪಂಪು. ನಿಮ್ಮ ಇಂಕು ಗಟ್ಟಿನೋ, ತೆಳ್ಳಗೋ? ಗಂಟು ಗಿಂಟು?"

ಈ ಸಲ ಫಳಫಳ ಕಾಯಲಿಲ್ಲ. "ಇಂಕಾ ಸಾರ್? ಹಾಲು! ಪಂಪೇ ಬೇಡ, ಪೈಪು ಇಟ್ಟರೆ ತಾನಾಗೇ ನಡ್ಕೊಂಡು ಹೋಗತ್ತೆ. ಗಂಟು ಎಲ್ಲಿಂದ ಬರತ್ತೆ? ನಮ್ಮ ಭಾವಮೈದ ಪ್ರತಿ ಬಕೆಟ್ಟೂ ಸೋಸಿ, ಬೆಳಕಿಗೆ ಹಿಡಿದು, ಆಮೇಲೇ ಎತ್ತೋದು."

ಬಕೆಟ್ ಕೆಮ್ಮಿದ. ಗೋಡೆಯ ಮೊಳೆಯಲ್ಲಿದ್ದ ಹೊಸ ಜರಡಿ ನೆನಪಾಗಿರಬೇಕು. ಆದರೆ ಅವನೂ ಅಲ್ಲಗಳೆಯುವಂತಿರಲಿಲ್ಲ. ಅದಕ್ಕೂ 'ಚಿಕ್ಕದು ಸಾಕು' ಎಂದಾಯಿತು. ಇಷ್ಟು ಸಲೀಸಾದ ಕಾರ್ಖಾನೆಯನ್ನೂ, ಒಬ್ಬರ ಕೆಲಸವನ್ನು ಇನ್ನೊಬ್ಬರು ಇಷ್ಟು ಹೊಗಳುವ ನೆಂಟರನ್ನೂ ತನ್ನ ಜೀವಮಾನದಲ್ಲೇ ನೋಡಿಲ್ಲವೆಂದು ಮಾರುವವನು ಮಾಲೀಕರ ಹತ್ತಿರ ಹೇಳಿ ಹೋದ. ಎರಡೂ ಯಂತ್ರ ತಂದು ಪರೀಕ್ಷೆ ಮಾಡಿ ತೋರಿಸುವುದು, ಯಾವುದು ಗೆಲ್ಲುತ್ತದೋ ಅದನ್ನು ಇಟ್ಟುಕೊಳ್ಳುವುದು ಎಂದು ನಿಶ್ಚಯವಾಯಿತು.

ಫಳಫಳ ಪೆದ್ದನಲ್ಲ. ಪರೀಕ್ಷೆಗೆ ಮುಂಚಿನ ವಾರವಿಡೀ ಕೆಲವು ತಟ್ಟೆಗಳನ್ನೂ ರೋಲರುಗಳನ್ನೂ ತೊಳೆಯದೆ ಖಾಲಿ ಡ್ರಮ್ಮುಗಳ ಹಿಂದೆ ಅಡಗಿಸಿಟ್ಟ. ಅವು ಒಣಗಿ, ಬಿರಿದು, ಉಗುರಿಗೂ ಬಗ್ಗದಂತೆ ಕಲ್ಲಾದವು. ಕಪ್ಪಿನ ಮೇಲೆ ಕೆಂಪು, ಕೆಂಪಿನ ಮೇಲೆ ನೀಲಿ. ಇವನ್ನು ತೊಳೆಯುವ ಯಂತ್ರದ ಹೊಟ್ಟೆಗೆ ತುರುಕಿದರೆ ಅದು ಹಾಗೇ ಮರಳಿ ಕಕ್ಕಬೇಕು. ಆಗ ಪಂಪು ತಾನಾಗೇ ಗೆಲ್ಲುತ್ತದೆ. ಮನಸ್ಸಿಗೆ ಸ್ವಲ್ಪ ಚುಚ್ಚಿತು. ಎಷ್ಟೆಂದರೂ ಹೆಂಡತಿಯ ತಮ್ಮ. ಆದರೆ ಆ ತಮ್ಮ "ನೀರು ತೋರಿಸಿದ್ರೆ ಸಾಕು" ಎಂದದ್ದು ನೆನಪಾಗಿ, ಚುಚ್ಚಿದ್ದು ನಿಂತಿತು.

ಪರೀಕ್ಷೆಯ ಹಿಂದಿನ ದಿನ ಮಾರುವವನು ಯಂತ್ರಗಳನ್ನು ಇಳಿಸಲು ಬಂದ. ಬೆಳ್ಳಿಬಣ್ಣದ ಬೀರುವಿನಂಥದು ತೊಳೆಯುವ ಯಂತ್ರ, ಬಾಗಿಲಲ್ಲಿ ದುಂಡನೆಯ ಗಾಜಿನ ಕಿಟಕಿ. ಅದನ್ನು ನಿಲ್ಲಿಸಲು ಜಾಗ ಹುಡುಕುತ್ತ ಡ್ರಮ್ಮುಗಳ ಹಿಂದೆ ಇಣುಕಿದವನ ಕಣ್ಣಿಗೆ ಆ ರಾಶಿ ಬಿತ್ತು. ಕರ್ಚೀಫಿನಿಂದ ಮೂಗು ಮುಚ್ಚಿ, ಒಂದು ತಟ್ಟೆಯನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತಿದ.

"ಅಬ್ಬಾ! ಏನ್ರೀ ಇದು? ಇಲ್ಲಿ ತೊಳೆಯೋರು ಯಾರೂ ಇಲ್ವಾ?"

ಫಳಫಳ ಅಲ್ಲೇ, ಅವನ ಬೆನ್ನ ಹಿಂದೆ ನಿಂತಿದ್ದ. ಗ್ಲೌಸು ತೊಟ್ಟೇ ನಿಂತಿದ್ದ. ಅಚ್ಚಿನ ಯಂತ್ರದ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಅವನಿಗೆ ಕಿವಿಯವರೆಗೂ ಬಿಸಿಯೇರಿತು. 'ಇದ್ದೀನಿ, ನಾನೇ' ಎನ್ನುವಂತಿಲ್ಲ, 'ಇಲ್ಲ' ಎನ್ನಲು ನಾಲಿಗೆ ಏಳದು.

ಮರುದಿನ ಸೈರನ್ ಕೂಗುವ ಮೊದಲೇ ಅವನು ತೊಟ್ಟಿಯ ಮುಂದಿದ್ದ. ಒಂದೇ ಒಂದು ತಟ್ಟೆ, ಅದೂ ಅಂಚು ಮಾತ್ರ ಒರೆಸುವುದೆಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ. ಎಲ್ಲರೂ ನೋಡುವ ದಿನ, ತೀರಾ ಅಸಹ್ಯವಾಗಿ ಕಾಣಬಾರದು, ಅಷ್ಟೆ. ಆದರೆ ಅಂಚು ಹೊಳೆದ ಮೇಲೆ ನಡು ಇನ್ನೂ ಹೊಲಸಾಗಿ ಕಂಡಿತು. ನಡು ಉಜ್ಜಿದ. ಆ ತಟ್ಟೆ ಹೊಳೆದಾಗ ಪಕ್ಕದ ತಟ್ಟೆ ಭಿಕ್ಷುಕನಂತೆ ಕಂಡಿತು. ಅದನ್ನೂ ಎತ್ತಿಕೊಂಡ. ಆಮೇಲೆ ಕೈಗಳು ಅವನ ಮಾತು ಕೇಳಲಿಲ್ಲ. ತಂತಿಯ ಬ್ರಷ್ಷು, ಕೂದಲಿನ ಬ್ರಷ್ಷು, ಕೊನೆಗೆ ಬಟ್ಟೆ. ಎಲ್ಲ ಮುಗಿದ ಮೇಲೆ ಕೊನೆಯ ತಟ್ಟೆಯನ್ನು ಮುಖದ ಮುಂದೆ ಹಿಡಿದು ಮೀಸೆ ತೀಡಿದ. ಆಗ ಅದರಲ್ಲಿ ಮೀಸೆಯ ಜೊತೆಗೆ ಒಂದು ಪೆಚ್ಚು ಮೋರೆಯೂ ಕಂಡಿತು. ಅಷ್ಟು ಹೊತ್ತಿಗೆ ಸೈರನ್ ಕೂಗಿತು.

ಮಾಲೀಕರು ಬಂದರು, ಎಲ್ಲರೂ ಸುತ್ತ ನೆರೆದರು. ಫಳಫಳ ತೊಳೆದಿಟ್ಟ ತಟ್ಟೆಗಳನ್ನು ಯಾರಿಗೂ ಕಾಣದಂತೆ ಬಟ್ಟೆ ಮುಚ್ಚಿ ತಂದು, ತಾನೇ ಯಂತ್ರಕ್ಕೆ ಹಾಕಿ ಬಾಗಿಲು ಮುಚ್ಚಿದ. ಕಿಟಕಿಯ ಒಳಗೆ ನೊರೆ ಕುಣಿಯಿತು, ಬಿಸಿನೀರು ಚಿಮ್ಮಿತು, ಒಂದು ದೀಪ ಕೆಂಪಿನಿಂದ ಹಸಿರಾಯಿತು. ಮಾರುವವನಿಗೆ ನಿನ್ನೆಯ ರಾಶಿ ಮನಸ್ಸಿನಲ್ಲಿತ್ತು. ಹಾಗಾಗಿ ಅವನು ಮುಖ ಆಚೆ ತಿರುಗಿಸಿಕೊಂಡು ಬಾಗಿಲು ತೆಗೆದ. ತಟ್ಟೆ ಹೊರಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಬೆರಗಾದವನು ಅವನೇ.

"ನೋಡಿ ಸಾರ್!" ಎಂದು ಅವನು ಬೇಗ ಸಾವರಿಸಿಕೊಂಡ. ಅದು ಅವನ ಕಸುಬು.

"ಭಲೇ!" ಎಂದರು ಮಾಲೀಕರು. ತಟ್ಟೆಯನ್ನು ಎತ್ತಿ ಹಿಡಿದು ಅದರಲ್ಲಿ ತಮ್ಮ ಮುಖವನ್ನೇ ನೋಡಿಕೊಂಡರು. "ಫಳಫಳ ಅಂತಿದೆಯಲ್ಲೋ! ನೀನು ತೊಳೆದ ಹಾಗೇ ಇದೆ ಕಣೋ!"

"ಹೌದು ಸಾರ್" ಎಂದ ಫಳಫಳ. "ಒಂಚೂರೂ ವ್ಯತ್ಯಾಸ ಇಲ್ಲ."

ಮುಂದೆ ಪಂಪಿನ ಸರದಿ. ಬಕೆಟ್ ತಾನೇ ಮುಂದೆ ಬಂದು ಡ್ರಮ್ಮಿನ ಮುಚ್ಚಳ ತೆಗೆದ. ಅವನು ಯಾವ ಹೂಟವನ್ನೂ ಹೂಡಿರಲಿಲ್ಲ. ಹೂಟ ಹೂಡಲು ಸ್ವಲ್ಪ ಮೈ ಬಗ್ಗಿಸಬೇಕಾಗುತ್ತದೆ. ದಿನದಂತೆ ಕೋಲಿನಿಂದ ಕೆನೆಯನ್ನು ಪಕ್ಕಕ್ಕೆ ತಳ್ಳಿ ಪೈಪನ್ನು ಇಳಿಬಿಟ್ಟ. ಪಂಪು ಮೊದಲು ಗುಟುಕರಿಸಿತು, ಆಮೇಲೆ ಬಿಕ್ಕಳಿಸಿತು, ಆಮೇಲೆ ಕೆಮ್ಮಿತು. ಗಂಟೊಂದು ಕೊರಳಿಗೆ ಸಿಕ್ಕಿ, ಪೈಪಿನ ಮೂತಿ ಹಾವಿನಂತೆ ಎದ್ದು ನಿಂತು, ಮಾರುವವನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಒಂದು ದೊಡ್ಡ ನೀಲಿ ಹೂವು ಬಿಡಿಸಿತು. ಮಾಲೀಕರ ಕನ್ನಡಕಕ್ಕೂ ಎರಡು ಹನಿ.

"ಇದು ಬೇಡಪ್ಪಾ" ಎಂದು ಮಾಲೀಕರು ಕನ್ನಡಕ ಒರೆಸುತ್ತ ಹೇಳಿದರು. "ತೊಳೆಯೋದೇ ಇರಲಿ."

ಆ ಸಂಜೆ ಮನೆಯಲ್ಲಿ ಫಳಫಳ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಅವಳು ಮೊದಲು ಬಾಯಿ ಮೇಲೆ ಕೈ ಇಟ್ಟುಕೊಂಡಳು, ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡಳು, ಕೊನೆಗೆ ತಡೆಯಲಾರದೆ ನಕ್ಕುಬಿಟ್ಟಳು.

"ಅಲ್ರೀ, ನಿಮ್ಮ ಕೆಲಸ ಕಿತ್ಕೊಳ್ಳಕ್ಕೆ ಬಂದಿದ್ದಕ್ಕೆ ನೀವೇ ಸ್ನಾನ ಮಾಡಿಸಿ, ಬೊಟ್ಟಿಟ್ಟು ಗೆಲ್ಲಿಸಿ ಬಂದ್ರಾ?"

"ಅವನು ಎರಡೇ ಬೆರಳಲ್ಲಿ ಹಿಡಿದ ಕಣೇ" ಎಂದ ಫಳಫಳ. "ಎರಡೇ ಬೆರಳಲ್ಲಿ."

ಅವಳು ನಗು ನಿಲ್ಲಿಸಿದಳು. ಗಂಡನ ಕೈಗಳನ್ನು ನೋಡಿದಳು. ಥಿನ್ನರಿಗೆ ಬಿರಿದ ಉಗುರು, ಬುಡದಲ್ಲಿ ನೀಲಿ ಗೆರೆ. ಟೀ ತಂದುಕೊಟ್ಟಳು. ಬಕೆಟ್ ಮಾತ್ರ ಆ ದಿನ ಬಹಳ ದುಃಖದಿಂದ ಎರಡು ಸಲ ಬಡಿಸಿಕೊಂಡು ಉಂಡ.

ಗೋಡೆ ಗಡಿಯಾರ ಕಾರ್ಖಾನೆಗೆ ಬಂತು. ಕೊಡುವ ದಿನವೂ ಗೊತ್ತಾಯಿತು. ಆದರೆ ಅದಕ್ಕೆ ಮೊದಲು ಯಂತ್ರ ಕೆಲಸ ಶುರುಮಾಡಬೇಕಿತ್ತಲ್ಲ. ಅಚ್ಚಿನ ಯಂತ್ರ ನಡೆಸುವವರೇ ಕೊಳಕು ತಟ್ಟೆಗಳನ್ನು ತಂದು ತುಂಬಿ ಬಾಗಿಲು ಹಾಕಿದರು. ನೊರೆ ಕುಣಿಯಿತು, ದೀಪ ಹಸಿರಾಯಿತು. ತಟ್ಟೆಗಳು ಹೊರಬಂದವು, ಬೆಚ್ಚಗೆ, ಸೋಪಿನ ಸುವಾಸನೆಯೊಂದಿಗೆ, ಹೋದಷ್ಟೇ ಕೊಳಕಾಗಿ. ಮತ್ತೆ ಹಾಕಿದರು. ಸುವಾಸನೆ ಹೆಚ್ಚಾಯಿತು.

ಮಾಲೀಕರು ಮಾರುವವನಿಗೆ ಫೋನು ಮಾಡಿದರು. "ಪರೀಕ್ಷೆ ದಿನ ನಿಮ್ಮ ಕಣ್ಣೆದುರಿಗೇ ಬಂತಲ್ಲ ಸಾರ್?" ಎಂದ ಅವನು. "ಅವತ್ತು ಹೇಗೆ ಹಾಕಿದ್ರೋ ಹಾಗೇ ಹಾಕಿ. ಒಣಗಿದ್ದು ಇಲ್ಲ ಅಂತ ನಿಮ್ಮೋರೇ ಹೇಳಿದ್ರು."

ಮಾಲೀಕರ ಮುಖ ಹುಳ್ಳಗಾಯಿತು. ಅಷ್ಟರಲ್ಲಾಗಲೇ ಅವರು ಪಕ್ಕದ ಕಾರ್ಖಾನೆಯವರನ್ನೂ, ಬೀಗರನ್ನೂ, ಹಳೆಯ ಗಿರಾಕಿಗಳನ್ನೂ ಹೊಸ ಯಂತ್ರ ನೋಡಲು ಕರೆದಿದ್ದರು. ಕೊಂಡದ್ದು ಕೆಟ್ಟದ್ದು ಎಂದು ಒಪ್ಪಿಕೊಳ್ಳುವುದು ಯಾವ ಗಿರಾಕಿಗೂ ಆಗದ ಕೆಲಸ. ಹರಿದ ಛತ್ರಿ ಕೊಂಡವನೂ ಮಳೆಯೇ ಸರಿಯಿಲ್ಲ ಎನ್ನುತ್ತಾನೆ. ಅವರು ಫಳಫಳನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು.

"ನಿಜ ಹೇಳು. ಅವತ್ತು ಪರೀಕ್ಷೆಗೆ ಮುಂಚೆ ಏನು ಮಾಡಿದ್ದೆ?"

ಫಳಫಳ ಯೋಚಿಸಿದ. ಪೂರ್ತಿ ಹೇಳಿದರೆ ಮಾಲೀಕರು ಎಲ್ಲರೆದುರು ಮಂಗ ಆದ ಹಾಗೆ. ಏನೂ ಹೇಳದಿದ್ದರೆ ತಾನು ಗಡಿಯಾರ ಹೊತ್ತು ಮನೆಗೆ ಹೋಗಬೇಕು.

"ಸ್ವಲ್ಪ ಒರೆಸಿದ್ದೆ ಸಾರ್. ಒಳಗೆ ಹೋಗೋ ಮುಂಚೆ ಧೂಳು ಇರಬಾರದಲ್ಲ."

"ಒರೆಸಿದ್ದೆ" ಎಂದು ಮಾಲೀಕರು ಆ ಮಾತನ್ನು ಬಾಯಲ್ಲಿ ಹೊರಳಿಸಿದರು. ಇಬ್ಬರೂ ಒಬ್ಬರ ಕಣ್ಣನ್ನು ಇನ್ನೊಬ್ಬರು ನೋಡಲಿಲ್ಲ. "ಹಾಗಾದ್ರೆ ಯಂತ್ರದ್ದೇನೂ ತಪ್ಪಿಲ್ಲ. ಒರೆಸಿ ಹಾಕಬೇಕು, ಅಷ್ಟೆ. ಈ ಅಚ್ಚಿನವರಿಗೆ ಒರೆಸಕ್ಕೆ ಬರಲ್ಲ. ಇನ್ಮೇಲೆ ನೀನೇ ಒರೆಸಿ ಹಾಕು. ನಿನ್ನನ್ನ ಯಂತ್ರದ ಮೇಲ್ವಿಚಾರಕ ಅಂತ ಮಾಡ್ತೀನಿ."

"ತೊಟ್ಟಿ ಇರಲಿ ತಾನೇ ಸಾರ್?"

"ಯಾವ ತೊಟ್ಟಿ? ತೊಟ್ಟಿ ಎಲ್ಲಿದೆ?" ಎಂದರು ಮಾಲೀಕರು. "ಒರೆಸೋ ಜಾಗ ಇದೆ. ಅದಕ್ಕೊಂದು ಪರದೆ ಕಟ್ಟಿಸು."

ಪರದೆ ಬಂತು. ಅದರ ಹಿಂದೆ ಫಳಫಳ ಮೊದಲಿನಂತೆ ಉಜ್ಜುತ್ತಾನೆ, ಮೀಸೆ ತೀಡುತ್ತಾನೆ. ಹೊಳೆಯುವ ತಟ್ಟೆ ಪರದೆಯ ಈಚೆ ಬಂದು, ಯಂತ್ರದೊಳಗೆ ಇನ್ನೊಮ್ಮೆ ಸ್ನಾನ ಮಾಡಿ, ಹಸಿರು ದೀಪದೊಂದಿಗೆ ಹೊರಬರುತ್ತದೆ. ನೋಡಲು ಬಂದವರು ತಲೆದೂಗುತ್ತಾರೆ. ಒಂದು ಆಳಿನ ಕೆಲಸ ಉಳಿಸಲು ಬಂದ ಯಂತ್ರಕ್ಕೆ ಸೋಪು ನೀರು ತುಂಬಿಸಲು, ಬಾಗಿಲು ಮುಚ್ಚಿ ತೆಗೆಯಲು ಇನ್ನೊಂದು ಆಳು ಬಂದಿದೆ. ಗೋಡೆ ಗಡಿಯಾರವನ್ನು ಹಿಂದಿರುಗಿಸಲು ಅಂಗಡಿಯವನು ಒಪ್ಪದ ಕಾರಣ, ಅದನ್ನು ಪರದೆಯ ಹಿಂದೆ ತೊಟ್ಟಿಯ ಮೇಲೆಯೇ ತೂಗುಹಾಕಿದ್ದಾರೆ. ಫಳಫಳ ಒಂದು ತಟ್ಟೆಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂದು ಅದು ಟಕಟಕ ಎಂದು ನೋಡುತ್ತಿರುತ್ತದೆ.

ಮರುವರ್ಷ ಮಾಲೀಕರು ಮತ್ತೆ ಪ್ರದರ್ಶನಕ್ಕೆ ಹೋಗಿಬಂದರು. ಹೊಸ ಪಂಪು, ಹೊಸ ಜ್ಯೂಸು. ಈ ಸಲ ಅವರು ಫಳಫಳನೊಬ್ಬನನ್ನೇ ಕರೆದು, ದನಿ ತಗ್ಗಿಸಿ, "ಪರೀಕ್ಷೆಗೆ ಮುಂಚೆ ಇಂಕನ್ನ ನೀನೇ ಒಂದ್ಸಲ ನೋಡಿಬಿಡು. ನಿನ್ನ ಕೈ ತಾಗಿದ್ರೆ ಎಲ್ಲಾ ಸರಿಹೋಗತ್ತೆ" ಎಂದರು.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಫಳಫಳ ಟೀ ಕುಡಿದು ಲೋಟವನ್ನು ಕುರ್ಚಿಯ ಕಾಲ ಬಳಿ ಇಡುವುದೇ ತಡ, ಬಕೆಟ್ ಮಹಡಿಯಿಂದ ಇಳಿದು ಬಂದು ಅದನ್ನು ಎತ್ತಿಕೊಂಡು ಹೋಗಿ, ತೊಳೆದು, ಒರೆಸಿ, ದೀಪದ ಬೆಳಕಿಗೆ ಹಿಡಿದು ತೋರಿಸಿದ.

"ನೋಡಿ ಭಾವ, ಹೇಗೆ ಹೊಳೀತಿದೆ. ಇಂಕನ್ನ ನೀವು ಸೋಸಲ್ಲ ಅಲ್ವಾ ಭಾವ? ನನ್ನ ಹೊಟ್ಟೆಪಾಡು."

"ಛೇ, ಸೋಸ್ತೀನಾ? ನಾನೇನು ಪರಕೀಯನಾ?" ಎಂದ ಫಳಫಳ. ಮನಸ್ಸಿನಿಂದಲೇ ಹೇಳಿದ. ಹೇಳುತ್ತ ಲೋಟವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಹುಬ್ಬು ಗಂಟಾಯಿತು. "ಇದನ್ನ ತೊಳೆದಿರೋದು ಅಂತೀಯೇನೋ? ಅಡೀಲಿ ಕಲೆ ಹಾಗೇ ಇದೆ. ಕೊಡು ಇಲ್ಲಿ ಆ ನಾರು."

ಮದುವೆಯಾದಾಗಿನಿಂದ ಮೊದಲ ಸಲ ಅವನು ಅಡುಗೆಮನೆಯ ನಲ್ಲಿಯ ಮುಂದೆ ನಿಂತ. ಲೋಟ ಹೊಳೆಯಿತು. ಹೊಳೆದ ಲೋಟದ ಪಕ್ಕ ತಟ್ಟೆಗಳು ಭಿಕ್ಷುಕರಂತೆ ಕಂಡಿರಬೇಕು, ಅವನ ಕೈ ಅತ್ತ ಹೋಯಿತು. ಹೆಂಡತಿ ಸದ್ದಿಲ್ಲದೆ ಒಲೆಯ ಮೇಲಿದ್ದ ಸೀದ ಪಾತ್ರೆಯನ್ನೂ ತಂದು ಅವನ ಬಲಗಡೆ ಇಟ್ಟಳು. ಆಮೇಲೆ ತಮ್ಮನ ಕಿವಿಯ ಬಳಿ ಬಗ್ಗಿ ಹೇಳಿದಳು:

"ನಾಳೆ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಆ ಜರಡಿ ಬಚ್ಚಿಡು. ಇವರು ಮಾತು ಕೊಟ್ಟಿದ್ದಾರೆ ನಿಜ. ಇವರ ಕೈ ಮಾತು ಕೊಟ್ಟಿಲ್ಲ."